ಹನುಮೇಶನ ಎರಡನೆಯ ಬುರುಡೆ

ಒಬ್ಬ ಮನುಷ್ಯನಿಗೆ ಎರಡು ಬುರುಡೆ ಇರಬಹುದು ಎಂಬ ಸಂಗತಿ ದೊಡ್ಡನೆಕ್ಕುಂದಿಯಲ್ಲಿ ಮೊದಲು ಗೊತ್ತಾದದ್ದು ಪಿಳ್ಳಮ್ಮನಿಗೆ. ಆಕೆಗೆ ಗೊತ್ತಾದ ಮೇಲೆ ಉಳಿದವರಿಗೆ ಗೊತ್ತಾಗಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ನಮ್ಮೂರಿನ ರಸ್ತೆ ಅಗೆದು ಇಂಟರ್‌ನೆಟ್ ಕೇಬಲ್ ಹಾಕಿದ್ದು ಈಚೆಗೆ. ಪಿಳ್ಳಮ್ಮ ಅದಕ್ಕೂ ಮೊದಲಿನಿಂದ ಇದ್ದಾಳೆ.

ನಾನು ವೆಂಕಟೇಶಪ್ಪ. ಹಳೇ ಊರಿನ ಒಳಗೆ ಹಿಟ್ಟಿನ ಮಿಲ್ಲು ಇಟ್ಟುಕೊಂಡವನು. ಸುತ್ತಲೂ ಗಾಜಿನ ಕಟ್ಟಡಗಳು ಎದ್ದು, ಔಟರ್ ರಿಂಗ್ ರೋಡು ಬಂದು, ಜನ ಪ್ಯಾಕೆಟ್ಟಿನ ಹಿಟ್ಟು ತಿನ್ನಲು ಕಲಿತರೂ ರಾಗಿ ಚೀಲ ಹೊತ್ತುಕೊಂಡು ನನ್ನ ಬಾಗಿಲಿಗೆ ಬರುವ ಮರ್ಯಾದಸ್ಥರು ಇನ್ನೂ ಇದ್ದಾರೆ. ಈ ಕಥೆಯಲ್ಲಿ ನನ್ನ ಪಾತ್ರ ಬಹಳ ಇಲ್ಲ. ಬುರುಡೆ ನನ್ನ ತೊಡೆಯ ಮೇಲೆ ಪ್ರಯಾಣ ಮಾಡಿತು, ಅಷ್ಟೆ. ಉಳಿದದ್ದೆಲ್ಲ ನಲ್ಲಪ್ಪನದು.

ನಲ್ಲಪ್ಪ ನನ್ನ ಮಿಲ್ಲಿನ ಎದುರು ಮನೆಯವನು. ಪಿಳ್ಳಮ್ಮ ಅವನ ಹೆಂಡತಿ ವೇಣಿಗೆ ಸೋದರತ್ತೆ, ಗೋಡೆಗೆ ಗೋಡೆ ಅಂಟಿದ ಪಕ್ಕದ ಮನೆ. ನಲ್ಲಪ್ಪ ಒಳ್ಳೆಯ ಮನುಷ್ಯ, ಆದರೆ ಇರುವುದಕ್ಕಿಂತ ಒಂದು ಗೇಣು ಎತ್ತರ ಕಾಣಬೇಕೆಂಬ ಆಸೆ ಅವನಿಗೆ. ಇಂಡಸ್ಟ್ರಿಯಲ್ ಏರಿಯಾದ ಒಂದು ಕಂಪನಿಯಲ್ಲಿ ಅವನಿಗೆ ಕೆಲಸ. ಆ ಕಂಪನಿ ಮಾಡುವ ಪದಾರ್ಥಕ್ಕೆ ಪ್ರೋಟೋಟೈಪ್ ಎನ್ನುತ್ತಾರೆ. ಹೊಸ ಮಿಕ್ಸಿಯೋ ಫೋನೋ ಮಾರುಕಟ್ಟೆಗೆ ಬಿಡಬೇಕೆನ್ನುವವರು, ಲಕ್ಷಗಟ್ಟಲೆ ಸುರಿದು ಅಚ್ಚು ಮಾಡಿಸುವ ಮುನ್ನ, ಅದು ಕೈಗೆ ಹೇಗೆ ಕೂರುತ್ತದೆ, ಕಣ್ಣಿಗೆ ಹೇಗೆ ಕಾಣುತ್ತದೆ ಎಂದು ನೋಡಲು ಒಂದೇ ಒಂದನ್ನು ಮಾಡಿಸುತ್ತಾರಂತೆ. ಕಂಪ್ಯೂಟರಿನಲ್ಲಿ ಚಿತ್ರ ಬರೆದು ಮೆಷೀನಿಗೆ ಕೊಟ್ಟರೆ ಸಾಕು, ಅಚ್ಚೂ ಬೇಡ, ಸುತ್ತಿಗೆಯೂ ಬೇಡ, ಮರುದಿನಕ್ಕೆ ಪದಾರ್ಥ ಕೈಯಲ್ಲಿ. ಪ್ರೋಟೋಟೈಪ್ ಎಂಬ ಪದ ನಲ್ಲಪ್ಪನ ನಾಲಿಗೆಗೆ ಒಗ್ಗಲಿಲ್ಲ. “ನಾನು ಫೋಟೋಟೈಪ್ ಡಿಪಾರ್ಟ್‌ಮೆಂಟು” ಎಂದು ಮದುವೆಮನೆಗಳಲ್ಲಿ ಹೇಳಿಕೊಂಡು ತಿರುಗುತ್ತಿದ್ದ. ಅವನ ಅಸಲು ಕೆಲಸ, ಆದ ಪದಾರ್ಥದ ಮೇಲಿನ ಪುಡಿ ಊದುವುದು ಮತ್ತು ಅದನ್ನು ಗಿರಾಕಿಗೆ ಮುಟ್ಟಿಸುವುದು.

ಮುಟ್ಟಿಸುವ ಮುನ್ನ ಒಂದು ರಾತ್ರಿ ಅದನ್ನು ಮನೆಗೆ ತಂದು ನೆಂಟರಿಗೆ ತೋರಿಸುವುದು ಅವನ ಚಟ. ಒಮ್ಮೆ ಯಾವುದೋ ಕಂಪನಿಯ ನಲ್ಲಿಯೊಂದನ್ನು ತಂದಿದ್ದ. ಬೆಳ್ಳಿಯಂತೆ ಬಣ್ಣ ಹೊಡೆದು ಥಳಥಳ ಮಾಡಿದ್ದರು. ಅವನ ಬಾಮೈದ ಮುನಿರಾಜು ಆಗ ಬಾಡಿಗೆ ಮನೆ ಕಟ್ಟಿಸುತ್ತಿದ್ದ. ಬಾವ ತನಗಾಗಿಯೇ ಸ್ಯಾಂಪಲ್ ತಂದಿದ್ದಾನೆ ಎಂದುಕೊಂಡು ಎತ್ತಿಕೊಂಡು ಹೋಗಿ ಬಚ್ಚಲಿಗೆ ಕೂರಿಸಿದ. ತಿರುಗಿಸಿದರೆ ಬೆಣ್ಣೆಯ ಹಾಗೆ ತಿರುಗುತ್ತದೆ, ನೀರು ಮಾತ್ರ ಇಲ್ಲ. ಮುನಿರಾಜು ನೀರು ಬಿಡುವವನ ಜೊತೆ ಜಗಳ ಆಡಿದ, ಟ್ಯಾಂಕ್ ತೊಳೆಸಿದ, ಪೈಪ್ ಬದಲಾಯಿಸಿದ. ಕೊನೆಗೆ ಪ್ಲಂಬರ್ ನಲ್ಲಿಯನ್ನು ಬಿಚ್ಚಿ, ಬೆಳಕಿಗೆ ಹಿಡಿದು ನೋಡಿ, “ಸಾರ್, ಇದರಲ್ಲಿ ತೂತೇ ಇಲ್ಲ” ಎಂದ. ಅಂದಿನಿಂದ ನಮ್ಮೂರಲ್ಲಿ ನಲ್ಲಪ್ಪ ಹೋಗಿ ಡಮ್ಮಿ ನಲ್ಲಪ್ಪ ಆದ. ಆ ಹೆಸರು ಅವನ ಎದೆಯಲ್ಲಿ ಮುಳ್ಳಿನಂತೆ ಕೂತಿತ್ತು.

ಮಹಾಲಯ ಅಮಾವಾಸ್ಯೆಯ ಹಿಂದಿನ ಸಂಜೆ ಅವನು ಮಿಲ್ಲಿಗೆ ಬಂದ.

“ವೆಂಕಟೇಶಣ್ಣ, ಒಂದು ಐಟಂ ತರ್ಬೇಕು. ಗಾಜಿನಂಗೆ ತರ್ಬೇಕು. ಕಂಪನಿ ವ್ಯಾನು ಪೀಣ್ಯಕ್ಕೆ ಹೋಗೈತೆ. ನಾನು ಗಾಡಿ ಓಡಿಸ್ತೀನಿ, ನೀವು ತೊಡೆ ಮೇಲೆ ಇಟ್ಕೊಂಡು ಕೂತ್ಕೊಳ್ಳಿ.”

“ಏನು ಐಟಂ?”

“ತಲೆ,” ಎಂದ ನಲ್ಲಪ್ಪ.

ಯಾರ ತಲೆ ಎಂದು ಕೇಳುವಷ್ಟರಲ್ಲಿ ಅವನು ಟಿವಿಎಸ್ಸು ಸ್ಟಾರ್ಟ್ ಮಾಡಿಬಿಟ್ಟಿದ್ದ.

ಕಂಪನಿಯಲ್ಲಿ ಭಾಗ್ಯಶ್ರೀ ಎಂಬ ಎಂಜಿನಿಯರ್ ಹುಡುಗಿ ನಮಗಾಗಿ ಕಾಯುತ್ತಿದ್ದಳು. ಮುಖಕ್ಕೆ ಬಟ್ಟೆ ಕಟ್ಟಿಕೊಂಡು, ಗಾಜಿನ ಮುಚ್ಚಳದ ಒಂದು ಪೆಟ್ಟಿಗೆಯ ಮುಂದೆ ನಿಂತಿದ್ದಳು. ಪೆಟ್ಟಿಗೆಯ ತುಂಬ ಬಿಳೀ ಪುಡಿ. ಹಿಟ್ಟಿನ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ, ನೋಡಿದ ಕೂಡಲೇ ಗೊತ್ತಾಯಿತು, ನನ್ನ ಮಿಲ್ಲಿನಲ್ಲಿ ಅಷ್ಟು ನಯವಾದದ್ದು ಎಂದೂ ಆಗಿಲ್ಲ. ಭಾಗ್ಯಶ್ರೀ ಹೇಳಿದಳು: ಸ್ಕ್ಯಾನ್ ಮಾಡುವ ಯಂತ್ರ ಮನುಷ್ಯನ ತಲೆಯನ್ನು ಮುಟ್ಟದೆಯೇ ಬಿಲ್ಲೆ ಬಿಲ್ಲೆಯಾಗಿ ಚಿತ್ರ ತೆಗೆಯುತ್ತದಂತೆ. ಈ ಮೆಷೀನು ಕೂದಲೆಳೆಯಷ್ಟು ತೆಳ್ಳಗೆ ಪುಡಿ ಹರಡಿ, ಮೊದಲನೆಯ ಬಿಲ್ಲೆ ಎಲ್ಲಿದೆಯೋ ಅಲ್ಲಿಗೆ ಮಾತ್ರ ಅಂಟು ಹಾಕಿ, ಅದರ ಮೇಲೆ ಇನ್ನೊಂದು ಪದರ ಹರಡಿ, ಎರಡನೆಯ ಬಿಲ್ಲೆಗೆ ಅಂಟು ಹಾಕಿ, ಹೀಗೇ ಗದ್ದದಿಂದ ನೆತ್ತಿಯವರೆಗೆ ಹೋಗುತ್ತದಂತೆ.

“ದೋಸೆ ಮೇಲೆ ದೋಸೆ ಪೇರಿಸಿದಂಗೆ,” ಎಂದ ನಲ್ಲಪ್ಪ, ತಾನೇ ಹುಯ್ದವನ ಹಾಗೆ.

ಆಕೆ ಕೈಗವಸು ಹಾಕಿಕೊಂಡು ಪುಡಿಯನ್ನು ಬ್ರಷ್ಷಿನಿಂದ ಪಕ್ಕಕ್ಕೆ ತಳ್ಳಿದಳು. ಮೊದಲು ಒಂದು ದುಂಡನೆಯ ನೆತ್ತಿ ಕಂಡಿತು. ಆಮೇಲೆ ಹಣೆ. ಆಮೇಲೆ ಎರಡು ಗೂಡು, ಅದರಲ್ಲಿ ಪುಡಿ ತುಂಬಿತ್ತು, ಆಕೆ ಮುಖದ ಬಟ್ಟೆ ಸರಿಸಿ ಮೆತ್ತಗೆ ಊದಿದಳು, ಪುಡಿ ಹಾರಿಹೋಯಿತು. ಒಂದು ಬುರುಡೆ ನನ್ನನ್ನೇ ನೋಡುತ್ತಿತ್ತು. ಕಾಳು ಹಿಟ್ಟಾಗುವುದನ್ನು ನಾನು ಜೀವಮಾನವೆಲ್ಲ ನೋಡಿದ್ದೇನೆ. ಹಿಟ್ಟು ಎದ್ದು ಕೂತು ಮನುಷ್ಯನಾಗುವುದನ್ನು ಅಂದು ನೋಡಿದೆ. ನನ್ನ ಕೈ ತಾನಾಗಿ ಮುಗಿದುಕೊಂಡಿತು. ನಾಚಿಕೆಯಾಗಿ ಇಳಿಸಿಕೊಂಡೆ.

ಬುರುಡೆಯ ಎಡಗಣ್ಣಿನ ಗೂಡು ಮಾತ್ರ ಸರಿಯಿರಲಿಲ್ಲ. ಕೆನ್ನೆಯ ಎಲುಬು ಒಳಕ್ಕೆ ಕುಸಿದಿತ್ತು.

“ಕುಂದಲಹಳ್ಳಿ ಹತ್ರ ಬಿಲ್ಡಿಂಗ್ ಕೆಲಸ ಮಾಡ್ತಿದ್ದ ಹುಡುಗ ಸಾರ್,” ಎಂದಳು ಭಾಗ್ಯಶ್ರೀ. “ಹನುಮೇಶ ಅಂತ, ರಾಯಚೂರು ಕಡೆಯವನು. ಸಾರವೆಯಿಂದ ಬಿದ್ದಿದ್ದಾನೆ. ನಾಳೆ ಹತ್ತು ಗಂಟೆಗೆ ಆಪರೇಷನ್. ಡಾಕ್ಟರ್ ಶೈಲಶ್ರೀ ಇದನ್ನ ಮುಂದೆ ಇಟ್ಕೊಂಡು ಲೋಹದ ಪ್ಲೇಟ್ ಬಗ್ಗಿಸಿ ರೆಡಿ ಮಾಡ್ಕೋಬೇಕು. ಇದಿಲ್ಲ ಅಂದ್ರೆ ಚರ್ಮ ಬಿಚ್ಚಿದ ಮೇಲೆ ಅಂದಾಜಲ್ಲಿ ಬಗ್ಗಿಸ್ಬೇಕು. ಅಂದಾಜು ಸ್ವಲ್ಪ ತಪ್ಪಿದ್ರೂ ಆ ಕಣ್ಣು ಹೋಗತ್ತೆ. ಎಂಟು ಗಂಟೆ ಒಳಗೆ ಇದು ಅವರ ಕೈಲಿರ್ಬೇಕು. ನಲ್ಲಪ್ಪ, ಕೇಳಿಸ್ತಾ?”

“ಏಳೂವರೆಗೇ ಇರತ್ತೆ ಮೇಡಂ.”

“ಅಂಟು ಇನ್ನೂ ಹಸಿ ಇದೆ. ರಾತ್ರಿ ಗಾಳಿಗೆ ಇಡಿ. ಮುಚ್ಚಬೇಡಿ. ಬೀಳಿಸಬೇಡಿ.”

ಎಲ್ಲ ತೊಂದರೆಯೂ ಹುಟ್ಟಿದ್ದು ಈ ‘ಮುಚ್ಚಬೇಡಿ’ ಎಂಬ ಮಾತಿನಿಂದ. ನಲ್ಲಪ್ಪ ಅದನ್ನು ಅಕ್ಷರಶಃ ಪಾಲಿಸಿದ. ಮನೆಯಲ್ಲಿ ಗಾಳಿಯಾಡುವ ಜಾಗ ಎಂದು ನಡುಮನೆಯ ಫ್ರಿಜ್ಜಿನ ಮೇಲೆ, ಬಾಗಿಲಿಗೆ ಎದುರಾಗಿ, ಬುರುಡೆಯನ್ನು ಕೂರಿಸಿ ಮಲಗಿದ.

ಬೆಳಗ್ಗೆ ಅಮಾವಾಸ್ಯೆ ಪೂಜೆಗೆಂದು ನಿಂಬೆಹಣ್ಣು ಕೊಡಲು ಪಿಳ್ಳಮ್ಮ ಬಂದಳು. ಆಕೆ ಕೂಗಿದ ಕೂಗು ಕೇಳಿ ನಾನು ಮಿಲ್ಲಿನ ಬಾಗಿಲು ಅರ್ಧ ತೆಗೆದದ್ದನ್ನು ಹಾಗೆಯೇ ಬಿಟ್ಟು ಓಡಿದೆ. ನಿಂಬೆಹಣ್ಣುಗಳು ಹೊಸಿಲ ಮೇಲೆ ಉರುಳಾಡುತ್ತಿದ್ದವು. ಪಿಳ್ಳಮ್ಮ ಗೋಡೆಗೆ ಬೆನ್ನು ಅಂಟಿಸಿ ನಿಂತಿದ್ದಳು. ನಲ್ಲಪ್ಪ ಹಲ್ಲುಜ್ಜುತ್ತ ಬಂದ.

“ಯಾರ್ದಪ್ಪ ಇದು?” ಎಂದಳು ಪಿಳ್ಳಮ್ಮ.

“ಹನುಮೇಶ ಅಂತ ಅತ್ತೆ. ರಾಯಚೂರು ಕಡೆ ಹುಡುಗ.”

“ಪಾಪ. ಯಾವಾಗ ಓಗ್ಬಿಟ್ಟ?”

“ಎಲ್ಲೂ ಹೋಗಿಲ್ಲ. ಚೆನ್ನಾಗವ್ನೆ. ಆಸ್ಪತ್ರೇಲವ್ನೆ.”

“ಬುರುಡೆ ಇಲ್ದೆ ಎಂಗವ್ನೆ?”

“ಬುರುಡೆ ಅವನ ತಲೇಲೇ ಐತಲ್ಲ.”

“ಅಂಗಾರೆ ಇದು?”

“ಇದೂ ಅವಂದೇ.”

ಪಿಳ್ಳಮ್ಮ ನಿಧಾನವಾಗಿ ನೆಲದ ಮೇಲೆ ಕೂತಳು. ನಲ್ಲಪ್ಪ ಬಾಯಿ ಮುಕ್ಕಳಿಸಿ ಬಂದು ಸಮಾಧಾನ ಹೇಳುವ ಧಾಟಿಯಲ್ಲಿ ಮುಂದುವರಿಸಿದ. “ಇದು ನಾವು ಬೆಳೆಸಿದ್ದು ಅತ್ತೆ. ಕಂಪನೀಲಿ ಬೆಳೆಸ್ತೀವಿ. ಹಿಟ್ಟೊಳಗೆ ಹುದುಗಿಸಿ ಇಟ್ಟರೆ ಬೆಳಗಾಗೋದ್ರೊಳಗೆ ತಲೆ ಬಂದಿರತ್ತೆ. ನಮ್ಮದು ಬರೀ ಬದುಕಿರೋರದ್ದೇ, ಸತ್ತೋರದ್ದು ನಮಗೆ ಬೇಕಾಗೇ ಇಲ್ಲ.”

“ಯಾವ ಹಿಟ್ಟು?” ಎಂದು ಪಿಳ್ಳಮ್ಮ ನನ್ನ ಕಡೆ ತಿರುಗಿ ನೋಡಿದಳು.

ಆ ನೋಟಕ್ಕೆ ನನ್ನ ಮಿಲ್ಲಿನ ಆ ವಾರದ ವ್ಯಾಪಾರ ಅರ್ಧಕ್ಕೆ ಇಳಿಯಿತು. ನಾನು ರಾಗಿ, ಗೋಧಿ, ಅಕ್ಕಿ ಬಿಟ್ಟು ಬೇರೇನನ್ನೂ ಬೀಸುವುದಿಲ್ಲ ಎಂದು ಆಣೆ ಮಾಡಿದೆ. ಆಣೆ ಮಾಡುವವನನ್ನು ಯಾರು ನಂಬುತ್ತಾರೆ.

ನಲ್ಲಪ್ಪ ಸ್ನಾನಕ್ಕೆ ಹೋದ. ಅಷ್ಟರಲ್ಲಿ ನಡುಮನೆ ತುಂಬಿತ್ತು. ಯಾರೂ ಫ್ರಿಜ್ಜಿನ ಹತ್ತಿರ ಹೋಗಲೊಲ್ಲರು, ಯಾರೂ ಮನೆಗೆ ಹೋಗಲೂ ಒಲ್ಲರು. ವೇಣಿ ಮಾತ್ರ ಏನೂ ಆಗಿಲ್ಲವೆಂಬಂತೆ ಫ್ರಿಜ್ಜಿನ ಬಾಗಿಲು ತೆಗೆದು ಹಾಲು ತೆಗೆದುಕೊಂಡಳು. ಮೇಲೆ ಬುರುಡೆ ಸ್ವಲ್ಪ ಅಲ್ಲಾಡಿತು, ಇಡೀ ನಡುಮನೆ ಒಂದು ಹೆಜ್ಜೆ ಹಿಂದೆ ಸರಿಯಿತು.

ಬಚ್ಚಲಿನಿಂದ ಹೊರಬಂದ ನಲ್ಲಪ್ಪನಿಗೆ ಜನ ದಾರಿ ಬಿಟ್ಟರು. ಅವನ ಜೀವನದಲ್ಲಿ ಯಾರೂ ಅವನಿಗೆ ಹಾಗೆ ದಾರಿ ಬಿಟ್ಟಿರಲಿಲ್ಲ. ಅದು ಬರೀ ಡಮ್ಮಿ ಎಂದು ಹೇಳಲು ಅವನು ಬಾಯಿ ತೆರೆದಿರಲಿಕ್ಕೂ ಸಾಕು, ಆದರೆ ತೆರೆದ ಬಾಯಿಯನ್ನು ಮುಚ್ಚಿಕೊಂಡ. ಬಾಮೈದ ಮುನಿರಾಜು ಅವನ ತೋಳು ಹಿಡಿದು ಮೂಲೆಗೆ ಕರೆದುಕೊಂಡು ಹೋದ. ಅವತ್ತಿನವರೆಗೆ ಬಾವನಿಗೆ ಏಕವಚನ ಬಿಟ್ಟು ಬೇರೆ ಗೊತ್ತಿಲ್ಲದವನು ಅವನು.

“ಬಾವ, ನೀವು ಇಂಥ ಲೈನಲ್ಲಿ ಇದ್ದೀರಾ ಅಂತ ನನಗೆ ಗೊತ್ತಿರ್ಲಿಲ್ಲ. ನಲ್ಲಿ ವಿಷಯ ಮನಸ್ಸಲ್ಲಿ ಇಟ್ಕೋಬೇಡಿ. ನಾನು ಯಾರಿಗೂ ಹೇಳಲ್ಲ. ಮೇಲ್ಗಡೆ ರೂಮಿನವನು ಖಾಲಿ ಮಾಡ್ತಾ ಇಲ್ಲ. ಅವನಿಗೆ ಏನಾರ ಸ್ವಲ್ಪ, ಜಾಸ್ತಿ ಬೇಡ, ಖಾಲಿ ಮಾಡೋ ಅಷ್ಟು.”

ನಲ್ಲಪ್ಪ ಅವನ ಭುಜ ತಟ್ಟಿ, “ನೋಡೋಣ” ಎಂದ. ಒಂದು ಸಾಧಾರಣ ‘ನೋಡೋಣ’ಕ್ಕೆ ಅಷ್ಟು ಬೆಲೆ ಬಂದದ್ದನ್ನು ನಾನು ಇನ್ನೆಲ್ಲೂ ಕಂಡಿಲ್ಲ. ಮುನಿರಾಜು ಕೈ ಮುಗಿದ.

ಈ ಮಧ್ಯೆ ಪಿಳ್ಳಮ್ಮ ಧೈರ್ಯ ತಂದುಕೊಂಡು ದೇವರ ಮನೆಯಿಂದ ಕುಂಕುಮದ ಬಟ್ಟಲು ತಂದಿದ್ದಳು.

“ಅತ್ತೆ, ಬೇಡ, ಅದು ಕಂಪನೀದು,” ಎಂದಳು ವೇಣಿ.

“ಇರ್ಲಿ ಕಣಮ್ಮ. ಯಾರ್ದಾದ್ರೂ ಆಗ್ಲಿ, ಅಮಾಸೆ ದಿವ್ಸ ಬರೀ ಅಣೇಲಿ ಮನೇಲಿರಬಾರ್ದು.” ಎಂದವಳೇ ಬುರುಡೆಯ ಹಣೆಗೆ ಅಗಲವಾಗಿ ಕುಂಕುಮ ಇಟ್ಟಳು. ಆಮೇಲೆ ಕೊಂಚ ಯೋಚಿಸಿ ನೀರು ಚಿಮುಕಿಸಿದಳು.

ಆ ಪುಡಿ ಬಾಯಾರಿ ಕೂತಿತ್ತೋ ಏನೋ, ಕುಂಕುಮವನ್ನು ಗಟಗಟ ಕುಡಿಯಿತು. ನಲ್ಲಪ್ಪ ಟವೆಲ್ಲಿನಿಂದ ಒರೆಸಿದ, ಹೋಗಲಿಲ್ಲ. ಉಗುರಿನಿಂದ ಕೆರೆಯಲು ಹೋದ, ನಾನು ಕೈ ಹಿಡಿದೆ. ಹಣೆಯ ನಟ್ಟ ನಡುವೆ ಕೆಂಪು ಉಳಿದುಬಿಟ್ಟಿತು. ನಲ್ಲಪ್ಪನ ಮುಖದ ಮೇಲಿನ ಮಂತ್ರವಾದಿಯ ಕಳೆ ಆಗ ಇಳಿಯಿತು. ಗಡಿಯಾರ ನೋಡಿದ. ಏಳು ದಾಟಿತ್ತು.

ವೇಣಿ ಬುರುಡೆಯನ್ನು ಒಂದು ಕೆಂಪು ರವಿಕೆ ಕಣದಲ್ಲಿ ಸುತ್ತಿಕೊಟ್ಟಳು, ಮನೆಯಲ್ಲಿ ಕೈಗೆ ಸಿಕ್ಕಿದ್ದು ಅದೊಂದೇ. ನಾನು ಹಿಂದೆ ಕೂತು ತೊಡೆಯ ಮೇಲೆ ಇಟ್ಟುಕೊಂಡೆ. ಯಾರೋ ಪುಣ್ಯಾತ್ಮರು ಗಾಡಿಯ ಹ್ಯಾಂಡಲಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದ್ದರು. ಅಮಾವಾಸ್ಯೆಯ ದಿನ ಬೆಂಗಳೂರಿನ ಗಾಡಿಗಳಿಗೆಲ್ಲ ಅದು ಇದ್ದದ್ದೇ, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ನಿಂಬೆಹಣ್ಣು, ಕೆಂಪು ಬಟ್ಟೆ, ಕುಂಕುಮ, ಬುರುಡೆ ಒಂದೇ ಗಾಡಿಯ ಮೇಲೆ ಕೂಡಿದರೆ ನೋಡುವವರಿಗೆ ಏನನ್ನಿಸಬಹುದು ಎಂದು ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ಕುಂದಲಹಳ್ಳಿ ಗೇಟಿನಲ್ಲಿ ಟ್ರಾಫಿಕ್ ನಿಂತುಹೋಗಿತ್ತು. ಸಾಫ್ಟ್‌ವೇರ್ ಕಂಪನಿಗಳ ಬಸ್ಸುಗಳು ಮುಂದೆ, ಸಿಮೆಂಟ್ ಲಾರಿಗಳು ಹಿಂದೆ, ನಡುವೆ ನಾವು. ನಲ್ಲಪ್ಪ ನಿಮಿಷಕ್ಕೊಮ್ಮೆ ತಿರುಗಿ ಕೇಳುತ್ತಿದ್ದ, “ಅಣ್ಣ, ಸರಿಯಾಗಿ ಹಿಡ್ಕೊಂಡಿದೀರಾ?” ನಾನು ಹಿಡಿದುಕೊಂಡಿದ್ದೆ. ಆದರೆ ಎದುರಿನ ಆಟೋ ತಟ್ಟನೆ ನಿಂತಿತು, ನಲ್ಲಪ್ಪ ಬ್ರೇಕ್ ಹಾಕಿದ, ಕೆಂಪು ಬಟ್ಟೆ ಜಾರಿತು. ಪಕ್ಕದಲ್ಲಿ ಪೊಲೀಸರ ಹೊಯ್ಸಳ ಗಾಡಿ ನಿಂತಿತ್ತು. ಅದರ ಕಿಟಕಿಯಲ್ಲಿ ಒಬ್ಬ ಪೇದೆ ಟೀ ಕುಡಿಯುತ್ತ ಕೂತಿದ್ದರು. ಬುರುಡೆಯ ಎರಡು ಗೂಡು, ಹಣೆಯ ಕುಂಕುಮ ನೇರವಾಗಿ ಅವರ ಎದುರಿಗೆ ಬಂದವು. ಟೀ ಅವರ ಅಂಗಿಯ ಮೇಲೆ ಇಳಿಯಿತು.

ಅವರ ಎದೆಯ ಪಟ್ಟಿಯಲ್ಲಿ ಚನಬಸಪ್ಪ ಎಂದು ಬರೆದಿತ್ತು. ಉತ್ತರದ ಕಡೆಯವರು ಎಂದು ಬಾಯಿ ತೆರೆದ ಕೂಡಲೇ ಗೊತ್ತಾಯಿತು.

“ಗಾಡಿ ಬಾಜೂಕ ಹಚ್ಚು. ಯಾರ್ದಿದು ಬುರಡಿ?”

“ಹನುಮೇಶಂದು ಸಾರ್.”

“ಅಂವ ಎಲ್ಲದಾನ?”

“ಆಸ್ಪತ್ರೇಲಿ ಸಾರ್.”

“ಶವಾಗಾರದೊಳಗ?”

“ಇಲ್ಲ ಸಾರ್, ವಾರ್ಡಲ್ಲಿ. ಹತ್ತು ಗಂಟೆಗೆ ಅವನ ಬುರುಡೆ ಆಪರೇಷನ್.”

ಚನಬಸಪ್ಪ ಅಂಗಿಯ ಮೇಲಿನ ಟೀ ಒರೆಸಿಕೊಂಡರು. “ಬುರಡಿ ನಿಮ್ಮ ಕೈಯಾಗೈತಿ. ಮತ್ತ ಅವರು ಯಾವುದನ್ನ ಆಪರೇಷನ್ ಮಾಡ್ತಾರ?”

ನಲ್ಲಪ್ಪ ಭಾಗ್ಯಶ್ರೀಗೆ ಫೋನ್ ಹಚ್ಚಿ ಅವರಿಗೆ ಕೊಟ್ಟ. ಆ ಹುಡುಗಿ ಬಹಳ ಹೊತ್ತು ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಹೇಳಿದಳು. ಕೊನೆಗೆ, “ಸಾರ್, ಸಿಂಪಲ್ಲಾಗಿ ಹೇಳ್ಬೇಕು ಅಂದ್ರೆ ಅದು ಡಮ್ಮಿ” ಎಂದದ್ದು ನಮಗೂ ಕೇಳಿಸಿತು.

“ಡಮ್ಮಿ ಅಂತ ನೀವು ಹೇಳಿದ್ರ ನಡಿಯಂಗಿಲ್ರಿ ಮೇಡಂ. ಅದನ್ನ ಲ್ಯಾಬಿನವರು ಹೇಳಬೇಕು. ಮಾಲು ವಶಕ್ಕ ತಗೊಂಡು ಕಳಸ್ತೀವಿ.”

“ಎಷ್ಟು ದಿನ ಆಗತ್ತೆ ಸಾರ್?” ಎಂದ ನಲ್ಲಪ್ಪ.

“ತಿಂಗಳೊಪ್ಪತ್ತು.”

ನಲ್ಲಪ್ಪ ಟಿವಿಎಸ್ಸಿನಿಂದ ಇಳಿದ. ಅವನು ಹುಟ್ಟಿದಾಗಿನಿಂದ ನಾನು ಅವನನ್ನು ಬಲ್ಲೆ. ನಾಲ್ಕು ಜನರ ಎದುರು ತನ್ನನ್ನು ಸಣ್ಣವನನ್ನಾಗಿ ಮಾಡಿಕೊಂಡದ್ದನ್ನು ಅದುವರೆಗೆ ನೋಡಿರಲಿಲ್ಲ.

“ಸಾರ್, ನನ್ನನ್ನ ಲಾಕಪ್ಪಿಗೆ ಹಾಕಿ. ನಾನು ಏನೂ ಕೇಳಲ್ಲ. ಇದನ್ನ ಮಾತ್ರ ನೀವೇ ತಗೊಂಡು ಹೋಗಿ ಡಾಕ್ಟರ್ ಕೈಗೆ ಕೊಡಿ. ಎಂಟು ಗಂಟೆ ದಾಟಿದ್ರೆ ಆ ಹುಡುಗನ ಕಣ್ಣು ಹೋಗತ್ತೆ. ಅಷ್ಟೇ ಸಾರ್ ನನಗೆ ಗೊತ್ತಿರೋದು. ಇದು ಹೆಂಗೆ ಆಗತ್ತೆ ಅಂತ ನನಗೂ ಗೊತ್ತಿಲ್ಲ, ನಾನು ಪುಡಿ ಊದೋನು.”

ಚನಬಸಪ್ಪ ಬುರುಡೆಯನ್ನು ನೋಡಿದರು. ಬುರುಡೆ ಅವರನ್ನು ನೋಡಿತು.

“ಅಮಾಸಿ ದಿನ ನಾ ಅದನ್ನ ಮುಟ್ಟಂಗಿಲ್ಲ,” ಎಂದರು. “ಇಬ್ಬರೂ ಗಾಡಿ ಹತ್ತರಿ. ಆ ಹನುಮೇಶನ್ನ ನಾ ಕಣ್ಣಿಲೆ ನೋಡ್ಬೇಕು. ಅವನ ತಲ್ಯಾಗ ಬುರಡಿ ಇದ್ರ ನೀವು ಮನಿಗೆ. ಇಲ್ಲಂದ್ರ ನನ್ನ ಕೂಡ ಠಾಣೆಗೆ.”

ಟಿವಿಎಸ್ಸನ್ನು ರಸ್ತೆಯ ಪಕ್ಕ ಬಿಟ್ಟು ನಾವು ಹತ್ತಿದ ಕೂಡಲೇ ಹೊಯ್ಸಳ ಸೈರನ್ ಹಾಕಿತು. ಕುಂದಲಹಳ್ಳಿ ಗೇಟಿನ ಟ್ರಾಫಿಕ್ಕು ಇಬ್ಭಾಗವಾದದ್ದನ್ನು ನಾನು ನನ್ನ ಕಣ್ಣಾರೆ ಕಂಡೆ. ಏಸಿ ಬಸ್ಸುಗಳು ಫುಟ್‌ಪಾತಿಗೆ ಹತ್ತಿದವು, ಸಿಮೆಂಟ್ ಲಾರಿಗಳು ಮುದುರಿಕೊಂಡವು. ಮಂತ್ರಿಗಳು ಬಂದಾಗ ನಿಲ್ಲದ ಟ್ಯಾಂಕರ್‌ಗಳೂ ನಿಂತವು. ನನ್ನ ತೊಡೆಯ ಮೇಲಿನ ಕೂಲಿ ಹುಡುಗನ ಬುರುಡೆಗೆ ಇಡೀ ವೈಟ್‌ಫೀಲ್ಡ್ ರಸ್ತೆ ದಾರಿ ಬಿಟ್ಟಿತು. ತಿರುಗಿ ನೋಡಿದರೆ ನಮ್ಮ ಹಿಂದೆಯೇ ಸೈರನ್ನಿನ ಲಾಭ ಪಡೆದು ಒಂದು ಆಟೋ ಬರುತ್ತಿತ್ತು. ಅದರಲ್ಲಿ ಮುನಿರಾಜು, ವೇಣಿ, ಕುಂಕುಮದ ಬಟ್ಟಲು ಹಿಡಿದ ಪಿಳ್ಳಮ್ಮ. ಎರಡು ಬುರುಡೆಯ ಮನುಷ್ಯನನ್ನು ನೋಡದೆ ಬಿಡುವುದುಂಟೆ.

ಹನುಮೇಶ ವಾರ್ಡಿನ ಕೊನೆಯ ಮಂಚದಲ್ಲಿದ್ದ. ಮುಖದ ಎಡ ಅರ್ಧಕ್ಕೆ ಬ್ಯಾಂಡೇಜು. ಕೆಳಗೆ ನೆಲದ ಮೇಲೆ ಅವನ ತಾಯಿ ಹನುಮವ್ವ ಸೆರಗು ಹೊದ್ದು ಕೂತಿದ್ದಳು. ಪೊಲೀಸರನ್ನು ಕಂಡು ಗಾಬರಿಯಾಗಿ ಎದ್ದಳು. ಚನಬಸಪ್ಪ ಟೋಪಿ ಸರಿಮಾಡಿಕೊಂಡು ಮಂಚದ ಹತ್ತಿರ ಬಾಗಿದರು.

“ತಮ್ಮಾ, ನಿನ್ನ ಹೆಸರೇನು?”

“ಹನುಮೇಶ್ರಿ.”

“ತಲಿ ಸ್ವಲ್ಪ ಅಲ್ಲಾಡಸಪಾ.”

ಹನುಮೇಶ ಅಲ್ಲಾಡಿಸಿದ. ಚನಬಸಪ್ಪ ತನಿಖೆ ಮುಗಿಸಿದವರಂತೆ ನೆಟ್ಟಗೆ ನಿಂತು, “ಐತಿ” ಎಂದರು. ನಮ್ಮ ಹಿಂದೆ ಪಿಳ್ಳಮ್ಮ, “ಐತಂತೆ, ಐತಂತೆ” ಎಂದು ಉಳಿದವರಿಗೆ ದಾಟಿಸಿದಳು.

ಅಷ್ಟರಲ್ಲಿ ಡಾಕ್ಟರ್ ಶೈಲಶ್ರೀ ಬಂದರು. ಎಂಟಕ್ಕೆ ಇನ್ನೂ ಸ್ವಲ್ಪ ಉಳಿದಿತ್ತು. ನಾನು ಬಟ್ಟೆ ಬಿಚ್ಚಿ ಬುರುಡೆ ಕೊಟ್ಟೆ. ಅವರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದರು, ಅವರ ಮುಖ ಬಿಳಿಚಿಕೊಂಡಿತು.

“ಹಣೆ ಮೇಲೆ ಇದೇನು? ಇಲ್ಲೂ ಪೆಟ್ಟಾಗಿದೆಯಾ? ಸ್ಕ್ಯಾನ್‌ನಲ್ಲಿ ಇದು ಇರ್ಲಿಲ್ವಲ್ಲ.”

“ಮೇಡಂ, ಅದು ಕುಂಕುಮ,” ಎಂದ ನಲ್ಲಪ್ಪ. “ಅಮಾವಾಸ್ಯೆ ಅಲ್ವಾ.”

ಡಾಕ್ಟರು ಅವನನ್ನು ನೋಡಿದರು, ಪಿಳ್ಳಮ್ಮನ ಕೈಯಲ್ಲಿದ್ದ ಬಟ್ಟಲನ್ನು ನೋಡಿದರು. ಬೈಯುತ್ತಾರೆಂದು ನಾವೆಲ್ಲ ತಲೆ ತಗ್ಗಿಸಿದೆವು. ಅವರು ಕುಸಿದ ಕೆನ್ನೆಯ ಮೇಲೆ, ಗೂಡಿನ ಅಂಚಿನ ಮೇಲೆ ಬೆರಳಾಡಿಸಿ, “ಬೇಕಾದ ಜಾಗ ಸರಿಯಾಗಿದೆ. ಇದು ಒಳಗೆ ಹೋಗೋದಲ್ಲ, ಅಳತೆಗೆ ಮಾತ್ರ. ಬದುಕ್ಕೊಂಡ್ರಿ” ಎಂದರು. ಆಮೇಲೆ ಹನುಮವ್ವನ ಕಡೆ ತಿರುಗಿ, “ಅಮ್ಮ, ನೀವು ದಿನಾ ಕೇಳ್ತಿದ್ರಲ್ಲ, ಮಗನ ತಲೆ ಒಳಗೆ ಏನು ಮಾಡ್ತೀರಿ ಅಂತ. ನೋಡಿ ಇಲ್ಲಿ. ಇಲ್ಲಿ ಮುರಿದಿದೆ. ಇಲ್ಲಿಂದ ಇಲ್ಲಿಗೆ ಒಂದು ಪ್ಲೇಟ್ ಹಾಕಿ ಎತ್ತಿ ನಿಲ್ಲಿಸ್ತೀವಿ” ಎಂದರು.

ಹನುಮವ್ವ ಎರಡೂ ಕೈ ಚಾಚಿದಳು. ಡಾಕ್ಟರು ಕೊಟ್ಟರು. ಆಕೆ ಅದನ್ನು ಮಡಿಲಿಗೆ ಹಾಕಿಕೊಂಡು ಕೂತಳು. ಮುರಿದ ಕಡೆಗೆ ಆಕೆ ಹೋಗಲಿಲ್ಲ, ಗಟ್ಟಿಯಿದ್ದ ಕಡೆ, ಬಲಗಣ್ಣಿನ ಮೇಲಿನ ಎಲುಬಿನ ಉದ್ದಕ್ಕೂ ಹೆಬ್ಬೆರಳು ಸವರಿದಳು.

“ಈ ಹುಬ್ಬಿನ ಎಲುಬು ಇವರಪ್ಪಂದು. ಹಿಂಗ ಮುಂದಕ್ಕ ಇತ್ತು,” ಎಂದಳು. ಆಮೇಲೆ ತಲೆಯೆತ್ತಿ, “ಯಾರು ಮಾಡಿದ್ರಿ ಇದನ್ನ?”

ಎಲ್ಲರೂ ನಲ್ಲಪ್ಪನನ್ನು ನೋಡಿದರು. “ನಮ್ಮ ಕಂಪನೀಲಿ, ಅಮ್ಮ,” ಎಂದ ಅವನು.

“ನಾ ಹೊಟ್ಟ್ಯಾಗಿಟ್ಟುಕೊಂಡು ಒಂಬತ್ತು ತಿಂಗಳು ಮಾಡೀನಿ. ನೀವು ಎಷ್ಟು ದಿನದಾಗ ಮಾಡಿದ್ರಿ?”

“ಒಂದು ರಾತ್ರೀಲಿ.”

ಹನುಮವ್ವ ಬುರುಡೆಯನ್ನು ಇನ್ನೊಮ್ಮೆ ತಿರುಗಿಸಿ ನೋಡಿದಳು. “ಅವಸರ ಮಾಡೀರಿ. ಆದ್ರ ಚಲೋ ಮಾಡೀರಿ.”

ಚನಬಸಪ್ಪ ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡರು.

“ಯವ್ವಾ, ಏನದು?” ಎಂದ ಮಂಚದಿಂದ ಹನುಮೇಶ, ಒಂದು ಕಣ್ಣಿನಲ್ಲಿ ನಮ್ಮನ್ನೆಲ್ಲ ನೋಡುತ್ತ. ಪೊಲೀಸರು, ಆಟೋದ ಜನ, ಕುಂಕುಮದ ಬಟ್ಟಲು.

“ನಿನ್ನ ಬುರಡಿ, ಮಗನ. ಚಂದ ಐತಿ. ಅಂಜಬ್ಯಾಡ, ನಾ ಪೂರಾ ನೋಡೀನಿ.”

ಆಕೆ ಬುರುಡೆಯ ಎರಡೂ ಕಡೆ ಕೈ ಸವರಿ, ತನ್ನ ಕಣತಲೆಗೆ ಬೆರಳು ಒತ್ತಿ ನೆಟಿಕೆ ಮುರಿದಳು. ಹತ್ತೂ ಬೆರಳು ಚಟಚಟ ಎಂದವು. ಆಮೇಲೆ ಅದನ್ನು ಡಾಕ್ಟರಿಗೆ ಒಪ್ಪಿಸಿ, “ಹುಷಾರಿಲೆ ಹಿಡೀರಿ, ಯವ್ವಾ” ಎಂದಳು. ಬರುವಾಗ ಒಂದೇ ಕೈಯಲ್ಲಿ ಹಿಡಿದಿದ್ದ ಡಾಕ್ಟರು ಈಗ ಎರಡು ಕೈಯಲ್ಲಿ ಹಿಡಿದುಕೊಂಡು ಹೋದರು.

ನಾವು ಯಾರೂ ಮನೆಗೆ ಹೋಗಲಿಲ್ಲ. ಚನಬಸಪ್ಪನವರು ಹೊಯ್ಸಳ ಗಾಡಿಯನ್ನು ಕಳಿಸಿ, ಡ್ಯೂಟಿ ಮುಗಿಯಿತು ಎಂದು ಹೇಳಿ ಬೆಂಚಿನ ಮೇಲೆ ಕೂತರು. ಮುನಿರಾಜು ಎಲ್ಲರಿಗೂ ಇಡ್ಲಿ ತಂದ, ಬಾಡಿಗೆಯವನ ಮಾತು ಎತ್ತಲಿಲ್ಲ. ಪಿಳ್ಳಮ್ಮ ಹನುಮವ್ವನ ಪಕ್ಕದಲ್ಲಿ ಕೂತು ಆಕೆಯ ಕೈ ಹಿಡಿದುಕೊಂಡಿದ್ದಳು. ಒಬ್ಬರ ಮಾತು ಒಬ್ಬರಿಗೆ ಅರ್ಧ ಅರ್ಥವಾಗುತ್ತಿರಲಿಲ್ಲ, ಅದಕ್ಕೇ ಇಬ್ಬರೂ ಬಿಡುವಿಲ್ಲದೆ ಮಾತಾಡುತ್ತಿದ್ದರು. ನಲ್ಲಪ್ಪ ಮಾತ್ರ ಆಪರೇಷನ್ ಥಿಯೇಟರಿನ ಬಾಗಿಲ ಹತ್ತಿರ ನಿಂತೇ ಇದ್ದ.

ಮಧ್ಯಾಹ್ನದ ಹೊತ್ತಿಗೆ ಡಾಕ್ಟರು ಹೊರಗೆ ಬಂದರು. ಪ್ಲೇಟು ಮೊದಲ ಸಲಕ್ಕೇ ಕೂತಿತಂತೆ, ತಿದ್ದುವುದೇ ಬೇಕಾಗಲಿಲ್ಲವಂತೆ. ಕಣ್ಣು ಉಳಿಯಿತು ಎಂದರು. ನಲ್ಲಪ್ಪ ಅಲ್ಲೇ ಗೋಡೆಗೆ ಒರಗಿ ಕೂತು ಅತ್ತ. ನಾನೂ ಸ್ವಲ್ಪ ಅತ್ತೆ, ಸುಳ್ಳೇಕೆ ಹೇಳಲಿ.

ಸಂಜೆ ಹನುಮೇಶನಿಗೆ ಮಂಪರು ಇಳಿಯಿತು. ನಾವೆಲ್ಲ ಮಂಚದ ಸುತ್ತ ನಿಂತಿದ್ದೆವು. ಅವನು ಬ್ಯಾಂಡೇಜಿನ ಒಳಗಿಂದ ತಾಯಿಯನ್ನು ಹುಡುಕಿದ.

“ಯವ್ವಾ, ನನ್ನ ಬುರಡಿ ಎಲ್ಲೈತಿ?”

ಡಾಕ್ಟರು ವಾಪಸ್ಸು ಕಳಿಸಿದ್ದ ಬುರುಡೆ ಪಕ್ಕದ ಮೇಜಿನ ಮೇಲೆಯೇ ಇತ್ತು. ಪಿಳ್ಳಮ್ಮ ಅದನ್ನು ತೋರಿಸಲು ಕೈಯೆತ್ತಿದಳು. ಹನುಮವ್ವ ಆ ಕಡೆ ನೋಡಲೂ ಇಲ್ಲ. ಮಗನ ತಲೆಯ ಮೇಲೆ ಅಂಗೈ ಇಟ್ಟಳು.

“ಇಲ್ಲೇ ಐತಿ, ಮಗನ. ಮಲ್ಕೋ.”